ರಾಬರ್ಟ್ ಎಚ್. ಎಲಿಯಟ್

ರಾಬರ್ಟ್ ಎಚ್. ಎಲಿಯಟ್ (1837–1914) ಮೈಸೂರು ಸಂಸ್ಥಾನದ ಮಂಜರಾಬಾದ್ ಸೀಮೆಯಲ್ಲಿ, ಅಂದರೆ ಇಂದಿನ ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನಲ್ಲಿ, ತೋಟ ಹೊಂದಿದ್ದ ಸ್ಕಾಟ್ಲೆಂಡಿನ ಕಾಫಿ ಬೆಳೆಗಾರ ಮತ್ತು ಲೇಖಕ. ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ ಇವರು ಬೆಳೆಗಾರರ ಪರವಾಗಿ ಸದಸ್ಯರಾಗಿದ್ದರು. ಹತ್ತೊಂಬತ್ತನೆಯ ಶತಮಾನದ ಮಲೆನಾಡಿನ ಕಾಫಿ ಕೃಷಿಯ ಬಗ್ಗೆ ಇವರ ಬರಹಗಳು ಮುಖ್ಯ ಆಕರಗಳಾಗಿವೆ.

ಮಂಜರಾಬಾದಿನಲ್ಲಿ

ಬಾಬಾಬುಡನ್‌ಗಿರಿಯ ಆಸುಪಾಸಿನಲ್ಲಿ ಕಾಫಿಯನ್ನು ಸ್ಥಳೀಯರು ಬಹುಕಾಲದಿಂದ ಬೆಳೆಯುತ್ತಿದ್ದರು. ಮಂಜರಾಬಾದಿನಲ್ಲಿ ಯುರೋಪಿಯನ್ನರ ಮೊದಲ ತೋಟ ಆರಂಭವಾದದ್ದು 1843ರಲ್ಲಿ. ಎಲಿಯಟ್ 1856ರಲ್ಲಿ, ಇನ್ನೂ ಇಪ್ಪತ್ತು ದಾಟುವ ಮೊದಲೇ, ಅಲ್ಲಿ ತೋಟಗಾರಿಕೆಗೆ ಇಳಿದರು. ಇವರ ತೋಟದ ಹೆಸರು ಬರ್ಚಿನಹಳ್ಳ.

1860ರ ದಶಕದಲ್ಲಿ ಕಾಂಡಕೊರಕ ಹುಳುವಿನ ಹಾವಳಿ ಮೈಸೂರು ಮತ್ತು ಕೊಡಗಿನ ತೋಟಗಳನ್ನು ತೀವ್ರವಾಗಿ ಬಾಧಿಸಿತು. ಅನಂತರ ಎಲೆತುಕ್ಕು ರೋಗವೂ ಹರಡಿತು. 'ಚಿಕ್' ಎಂದು ಕರೆಯಲಾಗುತ್ತಿದ್ದ ಹಳೆಯ ತಳಿ ಕ್ಷೀಣಿಸಿ, ಅದರ ಜಾಗಕ್ಕೆ ಕೊಡಗಿನ ಬೀಜ ಬಂದಿತು. ಕಾಡನ್ನು ಪೂರ್ತಿ ಕಡಿದು ಬಿಸಿಲಿಗೆ ಒಡ್ಡಿದ ತೋಟಗಳಲ್ಲಿ ಹುಳುವಿನ ಕಾಟ ಹೆಚ್ಚು. ದುಂಬಿಯು ಬಿಸಿಲು ಬಿದ್ದ ಕಾಂಡವನ್ನೇ ಆರಿಸಿಕೊಂಡು ಮೊಟ್ಟೆಯಿಡುತ್ತದೆ. ಮೈಸೂರಿನಲ್ಲಿ ಕಾಫಿ ಉಳಿಯಬೇಕಾದರೆ ನೆರಳು ಅನಿವಾರ್ಯ ಎಂಬುದು ಎಲಿಯಟ್ ಅವರ ಕೃಷಿ ಬರಹದ ಪ್ರಧಾನ ವಾದ. ಯಾವ ಮರ ನೆರಳಿಗೆ ತಕ್ಕುದು, ಯಾವುದು ಅಲ್ಲ ಎಂಬುದನ್ನು ಅವರು ಸ್ಥಳೀಯ ಹೆಸರುಗಳೊಂದಿಗೆ ವಿವರಿಸಿದ್ದಾರೆ. ಬಸರಿ, ಗೋಣಿ, ಅತ್ತಿಯಂತಹ ಆಲದ ಜಾತಿಯ ಮರಗಳು ಮಲೆನಾಡಿನ ಕಾಫಿ ತೋಟಗಳಲ್ಲಿ ಇಂದಿಗೂ ಕಾಣಸಿಗುತ್ತವೆ. ಈ ತಿಳಿವಳಿಕೆಯಲ್ಲಿ ಬಹುಪಾಲು ಊರಿನ ರೈತರದೇ ಆಗಿತ್ತೆಂಬುದನ್ನು ಮರೆಯುವಂತಿಲ್ಲ.

ಪ್ರಜಾಪ್ರತಿನಿಧಿ ಸಭೆ

ದಿವಾನ್ ಸಿ. ರಂಗಾಚಾರ್ಲು ಅವರು ಸ್ಥಾಪಿಸಿದ ಪ್ರಜಾಪ್ರತಿನಿಧಿ ಸಭೆಯು 1881ರ ಅಕ್ಟೋಬರ್ 7ರಂದು ಮೈಸೂರಿನಲ್ಲಿ ಮೊದಲ ಬಾರಿಗೆ ಸೇರಿತು. ಅಂದು 144 ಸದಸ್ಯರಿದ್ದರು. ದಸರೆಯ ಸಮಯದಲ್ಲಿ ನಡೆಯುತ್ತಿದ್ದ ಈ ಸಭೆಯಲ್ಲಿ ದಿವಾನರು ಆಡಳಿತದ ವರದಿ ಮಂಡಿಸುತ್ತಿದ್ದರು, ಸದಸ್ಯರು ತಮ್ಮ ಪ್ರಾಂತದ ಅಹವಾಲು ಹೇಳಿಕೊಳ್ಳುತ್ತಿದ್ದರು. ಕಾನೂನು ಮಾಡುವ ಅಧಿಕಾರ ಅದಕ್ಕಿರಲಿಲ್ಲ. ಹೀಗಾಗಿ ಎಲಿಯಟ್ ಅವರನ್ನು ಇಂದಿನ ಅರ್ಥದಲ್ಲಿ ಶಾಸಕರೆಂದು ಕರೆಯುವುದು ಪೂರ್ತಿ ಸರಿಯಾಗದು. ಆದರೂ ದಿವಾನರ ಎದುರಿಗೆ ನಿಂತು ಮಾತನಾಡುವ ಅವಕಾಶ ಸಣ್ಣದಾಗಿರಲಿಲ್ಲ.

ಆ ಅವಕಾಶ ಯಾರಿಗಿತ್ತು ಎಂಬುದು ಗಮನಾರ್ಹ. ಸದಸ್ಯತ್ವವು ಭೂಕಂದಾಯ ಕಟ್ಟುವವರು, ವರ್ತಕರು, ಬೆಳೆಗಾರರು ಮುಂತಾದವರಿಗೆ ಸೀಮಿತವಾಗಿತ್ತು. 1891ರಲ್ಲಿ ಚುನಾವಣೆ ಜಾರಿಗೆ ಬಂದಾಗಲೂ ಮತದ ಹಕ್ಕು ಆಸ್ತಿಯನ್ನೇ ಆಧರಿಸಿತ್ತು. ಮೇಸ್ತ್ರಿಯಿಂದ ಮುಂಗಡ ಪಡೆದು, ಬಯಲುಸೀಮೆಯಿಂದಲೂ ಘಟ್ಟದ ಕೆಳಗಿನಿಂದಲೂ ಬಂದು ಗುಂಡಿ ತೋಡಿ ಹಣ್ಣು ಕೊಯ್ಯುತ್ತಿದ್ದ ಆಳುಗಳ ಪರವಾಗಿ ಅಲ್ಲಿ ಯಾರೂ ಕುಳಿತಿರಲಿಲ್ಲ. ಮುಂಗಡ ಪಡೆದು ಕೆಲಸ ಬಿಟ್ಟವರನ್ನು ಶಿಕ್ಷಿಸಲು ಬ್ರಿಟಿಷ್ ಇಂಡಿಯಾದಲ್ಲಿ 1859ರಷ್ಟು ಹಿಂದೆಯೇ ಕಾಯಿದೆ ಬಂದಿತ್ತು. ಆಳಿನ ಓಟ ಬೆಳೆಗಾರನಿಗೆ ಅಹವಾಲು. ಆಳಿನ ಸಾಲ ಯಾರ ಅಹವಾಲೂ ಆಗಿರಲಿಲ್ಲ.

ಬರಹ ಮತ್ತು ವಿಚಾರಗಳು

1871ರಲ್ಲಿ ಮೈಸೂರಿನ ಕಾಡುಗಳಲ್ಲಿ ಬೆಳೆಗಾರನಾಗಿ ಪಡೆದ ಅನುಭವಗಳ ಕುರಿತ ಇವರ ಗ್ರಂಥ ಪ್ರಕಟವಾಯಿತು. 1894ರಲ್ಲಿ 'ಗೋಲ್ಡ್, ಸ್ಪೋರ್ಟ್ ಅಂಡ್ ಕಾಫಿ ಪ್ಲಾಂಟಿಂಗ್ ಇನ್ ಮೈಸೂರ್' ಹೊರಬಂದಿತು. ಬೇಟೆ, ಚಿನ್ನದ ಗಣಿ, ಕೊಡಗಿನ ಕಾಫಿ, ಬೆಳ್ಳಿ ನಾಣ್ಯದ ಪ್ರಶ್ನೆ ಎಲ್ಲವೂ ಅದರಲ್ಲಿವೆ. ಪ್ರಜಾಪ್ರತಿನಿಧಿ ಸಭೆಗೂ ಒಂದು ಅಧ್ಯಾಯ ಮೀಸಲಾಗಿದೆ. ಕಾಂಗ್ರೆಸ್ಸನ್ನು ಅವರು ಕಟುವಾಗಿ ವಿರೋಧಿಸಿದರು. ಜಾತಿಪದ್ಧತಿಯಲ್ಲಿ ಸಾಮಾಜಿಕ ಪ್ರಯೋಜನಗಳಿವೆ ಎಂದು ಮಿಷನರಿಗಳ ಅಭಿಪ್ರಾಯಕ್ಕೆ ಎದುರಾಗಿ ವಾದಿಸಿದರು. ಜಾತಿಯ ಭಾರ ಹೊತ್ತ ಕೂಲಿಗಳಿಂದ ಕೆಲಸ ಪಡೆಯುತ್ತಿದ್ದವರ ವಾದ ಇದೆಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಕೃಷಿಯ ಅಧ್ಯಾಯಗಳು ಮಾತ್ರ ಇಂದಿಗೂ ಉಪಯುಕ್ತವಾಗಿವೆ.

ಸ್ಕಾಟ್ಲೆಂಡಿನಲ್ಲಿ

ರಾಕ್ಸ್‌ಬರ್ಗ್‌ಷೈರ್‌ನ ಕ್ಲಿಫ್ಟನ್ ಪಾರ್ಕಿನಲ್ಲಿ ಎಲಿಯಟ್ ಅವರ ಮನೆತನದ ಜಮೀನಿತ್ತು. ಅಲ್ಲಿ ಅವರು ಚಿಕೋರಿಯಂತಹ ಆಳ ಬೇರಿನ ಸಸ್ಯಗಳನ್ನು ಹುಲ್ಲಿನೊಂದಿಗೆ ಕೆಲವು ವರ್ಷ ಬೆಳೆಸಿ, ಬಳಿಕ ಉತ್ತು, ಮಣ್ಣಿನ ಸಾವಯವ ಅಂಶವನ್ನು ಹೆಚ್ಚಿಸುವ ಪದ್ಧತಿಯನ್ನು ರೂಪಿಸಿದರು. 'ಕ್ಲಿಫ್ಟನ್ ಪಾರ್ಕ್ ಪದ್ಧತಿ' ಎಂದು ಹೆಸರಾದ ಇದರ ಕುರಿತ ಗ್ರಂಥವು 1943ರಲ್ಲಿ, ಹುಲ್ಲುಗಾವಲು ತಜ್ಞ ಜಾರ್ಜ್ ಸ್ಟೇಪಲ್ಡನ್ ಅವರ ಮುನ್ನುಡಿಯೊಂದಿಗೆ, ಮರುಮುದ್ರಣಗೊಂಡಿತು.