ಕಾವೇರಿಯ ಬಿಳಿ ಮೀನು ಎಲ್ಲಿ ಹೋಯಿತು?

ಕಳೆದ ರಜೆಯಲ್ಲಿ ಒಂದು ಸಂಜೆ ದಾದಾ ಜೊತೆ ಶ್ರೀರಂಗಪಟ್ಟಣದ ಸಂಗಮದಲ್ಲಿ ಕುಳಿತಿದ್ದೆ. "ಈ ಹೊಳೆಯಲ್ಲಿ ನಿನಗಿಂತ ತೂಕದ ಮೀನು ಇತ್ತು ಕಣಪ್ಪ" ಎಂದರು. ನಾನು ನಕ್ಕುಬಿಟ್ಟೆ. ಆಮೇಲೆ ಓದಿ ನೋಡಿದಾಗ ಅವರ ಮಾತು ಸುಳ್ಳಲ್ಲ ಎಂದು ತಿಳಿಯಿತು. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಕಾವೇರಿಯ ಉಪನದಿ ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ನನ್ನ ತೂಕ 48 ಕಿಲೋ!

ಅದು ಮಹಶೀರ್ ಮೀನು. ಬೆನ್ನ ಮೇಲೆ ಗೂನು ಇರುವ ಈ ಜಾತಿಯನ್ನು ಹೊಳೆ ಬದಿಯವರು ಬಿಳಿ ಮೀನು ಎನ್ನುತ್ತಾರೆ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಇದು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ.

ಅಮೆರಿಕ, ಕೆನಡಾಗಳಲ್ಲಿ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಗುಡಾರ ಹಾಕಿ, ಮಂಜುಗಡ್ಡೆಗೆ ತೂತು ಕೊರೆದು, ಮಾರ್ಗದರ್ಶಿಯ ಜೊತೆ ರಾತ್ರಿಯಿಡೀ ವಾಲ್‌ಐ ಎಂಬ ಮೀನಿಗೆ ಕಾಯುತ್ತಾರೆ. ನಮ್ಮ ಜಿಲ್ಲೆಯಲ್ಲೂ ಅಂಥದೊಂದು ಕಸುಬು ಇತ್ತು. ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿ, ದೊಡ್ಡಮಾಕಳಿ ಮತ್ತು ಕನಕಪುರ ಕಡೆಯ ಗಾಳಿಬೋರೆಯ ಶಿಬಿರಗಳಿಗೆ ದೇಶವಿದೇಶಗಳಿಂದ ಗಾಳಗಾರರು ಬಂದು ತಂಗುತ್ತಿದ್ದರು. ದಾರಿ ತೋರಿಸುತ್ತಿದ್ದವರು ಹೊಳೆ ಬದಿಯ ಹಳ್ಳಿಯವರು. ಯಾವ ಬಂಡೆಯ ಹಿಂದೆ ಮೀನು ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತು. ಗಾಳಕ್ಕೆ ಸಿಕ್ಕಿಸುತ್ತಿದ್ದುದು ಏನು ಗೊತ್ತೇ? ಗಟ್ಟಿಯಾಗಿ ಬೇಯಿಸಿದ ರಾಗಿ ಉಂಡೆ! ಮೀನು ಎಳೆದುಕೊಂಡು ಓಡಿದರೆ ಹರಿಗೋಲಿನಲ್ಲಿ ಬೆನ್ನಟ್ಟುತ್ತಿದ್ದರು. ಹಿಡಿದ ಮೀನನ್ನು ತೂಗಿ, ಫೋಟೋ ತೆಗೆದು, ಜೀವಂತವಾಗಿ ಹೊಳೆಗೇ ಬಿಡುತ್ತಿದ್ದರು.

ಆ ಜಾಗ ಕಾವೇರಿ ವನ್ಯಜೀವಿಧಾಮದೊಳಗಿದೆ. ವನ್ಯಜೀವಿ ಕಾಯ್ದೆಯ ಪ್ರಕಾರ ಅಲ್ಲಿ ಗಾಳ ಹಾಕುವುದೂ ಬೇಟೆಯೇ. ಹಾಗಾಗಿ 2012ರ ಹೊತ್ತಿಗೆ ಅದು ನಿಂತುಹೋಯಿತು. ಗಾಳಗಾರರು ಮತ್ತು ಮಾರ್ಗದರ್ಶಿಗಳು ಇದ್ದಾಗ ಸಿಡಿಮದ್ದು ಹಾಕಿ ಮೀನು ಕೊಲ್ಲುವವರು ಹತ್ತಿರ ಸುಳಿಯುತ್ತಿರಲಿಲ್ಲ ಎಂಬ ವಾದವೂ ಇದೆ.

ಆದರೆ ಒಂದು ಒಳ್ಳೆಯ ಕೆಲಸ ಆಗಿತ್ತು. ಗಾಳಿಬೋರೆಯಲ್ಲಿ ಹಿಡಿದ ಮೀನುಗಳ ಲೆಕ್ಕವನ್ನು ಬರೆದಿಟ್ಟಿದ್ದರು. 1998ರಿಂದ 2012ರವರೆಗಿನ ಆ ಲೆಕ್ಕವನ್ನು ವಿಜ್ಞಾನಿಗಳು ನೋಡಿದಾಗ ಮಹಶೀರ್ ಸಂಖ್ಯೆ ಹೆಚ್ಚಿದಂತೆ ಕಂಡಿತು. ಬಿಡಿಸಿ ನೋಡಿದರೆ ಹೆಚ್ಚಿದ್ದು ಬೇರೆ ಜಾತಿ. ಮಹಾರಾಷ್ಟ್ರದ ಲೋಣಾವಳದಲ್ಲಿ ಮರಿ ಮಾಡಿಸಿ, ಒಳ್ಳೆಯದಾಗಲಿ ಎಂದೇ ತಂದು ಬಿಟ್ಟಿದ್ದ ನೀಲಿ ರೆಕ್ಕೆಯ ಮಹಶೀರ್ ಅದು. ನಮ್ಮ ಬಿಳಿ ಮೀನು ಕುಸಿಯುತ್ತಲೇ ಬಂದಿತ್ತು. ಅಣೆಕಟ್ಟು, ಮರಳು ತೆಗೆಯುವುದು, ಸಿಡಿಮದ್ದು ಸಾಲದೆಂಬಂತೆ ಹೊರಗಿನ ಮೀನೂ ಸೇರಿತ್ತು. 2018ರಲ್ಲಿ ಬಿಳಿ ಮೀನಿಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾಯಿತು. ಈಗ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ.

ಹೆಸರೇ ಖಚಿತವಿಲ್ಲದ ಮೀನನ್ನು ಉಳಿಸುವುದು ಹೇಗೆ? "ಮಹಶೀರ್ ಹೆಚ್ಚಾಗಿದೆ" ಎಂದು ಎಲ್ಲರೂ ಸುಮ್ಮನಿದ್ದಾಗ ಒಂದು ಜಾತಿಯೇ ಕರಗುತ್ತಿತ್ತು. ಅದನ್ನು ತೋರಿಸಿಕೊಟ್ಟದ್ದು ಶಿಬಿರದ ಲೆಕ್ಕದ ಪುಸ್ತಕ.

ಗೆಳೆಯರೇ, ನಮ್ಮಲ್ಲಿ ಕೆ.ಆರ್. ಪೇಟೆಯ ಹೇಮಾವತಿ ಕಡೆಯವರಿದ್ದಾರೆ, ನಾಗಮಂಗಲ, ಪಾಂಡವಪುರದ ಲೋಕಪಾವನಿ ಕಡೆಯವರಿದ್ದಾರೆ. ಎರಡೂ ಕಾವೇರಿಯನ್ನೇ ಸೇರುತ್ತವೆ. ನಿಮ್ಮ ಊರಿನ ಹಿರಿಯರನ್ನು ಕೇಳಿ: ಯಾವ ಯಾವ ಮೀನು ಇದ್ದವು, ಯಾವುದನ್ನು ಕಡೆಯದಾಗಿ ಯಾವಾಗ ನೋಡಿದಿರಿ? ಹೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಾನು ದಾದಾ ಹೇಳಿದ ಹನ್ನೊಂದು ಹೆಸರು ಬರೆದಿದ್ದೇನೆ. ಅವುಗಳಲ್ಲಿ ನಾನು ಕಣ್ಣಾರೆ ಕಂಡಿರುವುದು ನಾಲ್ಕೇ.