ಬೊಮ್ಮನಿಗೂ ನಮಸ್ಕಾರ ತಿಳಿಸಿ

‘ಭಾರತಕ್ಕೆ ಜಲಮಾರ್ಗ ಕಂಡುಹಿಡಿದವರು ಯಾರು?’ ಹೈಸ್ಕೂಲಿನಿಂದ ಸ್ಪರ್ಧಾತ್ಮಕ ಪರೀಕ್ಷೆಯ ಗೈಡ್‌ವರೆಗೆ ನಮ್ಮ ಬೆನ್ನು ಬಿಡದ ಪ್ರಶ್ನೆ ಇದು. ಉತ್ತರ ಎಲ್ಲರಿಗೂ ಬಾಯಿಪಾಠ. ವಾಸ್ಕೋ ಡ ಗಾಮ, 1498. ಒಂದು ಅಂಕ ಖಾತರಿ.

ಆದರೆ ಗೈಡ್‌ಗಳು ಹೇಳದ ಸಂಗತಿಯೊಂದಿದೆ. ಗಾಮನ ಹಡಗುಗಳು ಕಲ್ಲಿಕೋಟೆ ತಲುಪಿದಾಗ ದಡಕ್ಕಿಳಿದ ಅವನ ಕಡೆಯವನೊಬ್ಬನಿಗೆ ಮೊದಲು ಎದುರಾದದ್ದು ಟ್ಯೂನಿಸ್‌ನ ಇಬ್ಬರು ಮುಸ್ಲಿಮರು. ಅವರು ಮಾತನಾಡಿಸಿದ್ದು ಸ್ಪೇನಿನ ಭಾಷೆಯಲ್ಲಿ. ‘ನೀವು ಇಲ್ಲಿಗೆ ಯಾಕೆ ಬಂದಿರಿ’ ಎಂದು ವಿಚಾರಿಸಿದ್ದೂ ಅವರೇ. ಈ ಪ್ರಸಂಗವನ್ನು ದಾಖಲಿಸಿರುವುದು ಗಾಮನ ಜೊತೆ ಬಂದವರ ದಿನಚರಿಯೇ. ‘ಕಂಡುಹಿಡಿದ’ ಊರಿನಲ್ಲಿ ಮೆಡಿಟರೇನಿಯನ್ ಕಡಲ ತೀರದ ಜನ ಆಗಲೇ ಬಂದು ವ್ಯಾಪಾರ ಮಾಡುತ್ತಿದ್ದರು! ಹಾಗಾದರೆ ಅವರು ಎಂದಿನಿಂದ ಬರುತ್ತಿದ್ದರು? ಹೇಗೆ ಬರುತ್ತಿದ್ದರು?

ನಾನು ಬಿಇ ವಿದ್ಯಾರ್ಥಿ. ಇತಿಹಾಸದ ಪುಸ್ತಕ ಹಿಡಿದು ಕೂತರೆ ಗೆಳೆಯರ ಮೊದಲ ಪ್ರಶ್ನೆ, ‘ಇದನ್ನೆಲ್ಲ ಪ್ಲೇಸ್‌ಮೆಂಟ್‌ನಲ್ಲಿ ಕೇಳ್ತಾರಾ?’ ಇಲ್ಲ, ಖಂಡಿತ ಕೇಳುವುದಿಲ್ಲ. ಆದರೂ ಗಾಮನಿಗಿಂತ ಮೂರೂವರೆ ಶತಮಾನ ಮೊದಲು ಅದೇ ಟ್ಯುನೀಶಿಯಾದಿಂದ ನಮ್ಮ ಮಂಗಳೂರಿಗೇ ಬಂದು ನೆಲೆಸಿದ ಒಬ್ಬ ವರ್ತಕನ ಕಥೆ ಸಿಕ್ಕ ಮೇಲೆ ಪುಸ್ತಕ ಕೆಳಗಿಡಲು ಮನಸ್ಸಾಗಲಿಲ್ಲ.

ಎಸೆಯಬಾರದ ಕಾಗದಗಳು

ಈಜಿಪ್ಟ್‌ನ ಹಳೆಯ ಕೈರೋ ಭಾಗಕ್ಕೆ ಮಧ್ಯಯುಗದಲ್ಲಿ ಫುಸ್ತಾತ್ ಎಂದು ಹೆಸರು. ಅಲ್ಲಿನ ಬೆನ್ ಎಜ್ರಾ ಎಂಬ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಒಂದು ಕೋಣೆ ಇತ್ತು. ದೇವರ ಹೆಸರಿರುವ ಕಾಗದವನ್ನು ಹರಿದು ಬಿಸಾಡಬಾರದು ಎಂಬುದು ಆ ಸಮುದಾಯದ ನಂಬಿಕೆ. ಪುಸ್ತಕ ಕಾಲಿಗೆ ತಾಗಿದರೆ ನಾವು ಕಣ್ಣಿಗೊತ್ತಿಕೊಳ್ಳುವುದಿಲ್ಲವೇ, ಹಾಗೆ. ಪತ್ರಗಳೆಲ್ಲ ದೇವರ ಹೆಸರಿನಿಂದಲೇ ಶುರುವಾಗುತ್ತಿದ್ದುದರಿಂದ ಧರ್ಮಗ್ರಂಥಗಳ ಜೊತೆಗೆ ಅಂಗಡಿ ಲೆಕ್ಕ, ಮದುವೆ ಕರಾರು, ಸಾಲದ ಚೀಟಿಗಳೂ ಆ ಕೋಣೆ ಸೇರಿದವು. ಇದನ್ನು ‘ಗೆನಿಜಾ’ ಎನ್ನುತ್ತಾರೆ. ಹೀಗೆ ಶತಮಾನಗಟ್ಟಲೆ ಕಾಗದ ರಾಶಿ ಬಿತ್ತು. ಈಜಿಪ್ಟ್‌ನ ಒಣ ಹವೆಯಿಂದಾಗಿ ಅದು ಕೊಳೆಯದೆ ಉಳಿಯಿತು.

1896-97ರಲ್ಲಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸರು ಆ ರಾಶಿಯ ದೊಡ್ಡ ಪಾಲನ್ನು ಕೇಂಬ್ರಿಡ್ಜ್ ವಿಶ್ವವಿದ್ಯಾಲಯಕ್ಕೆ ಸಾಗಿಸಿದರು. ಅಲ್ಲಿ ಈಗ ಸುಮಾರು 1,93,000 ತುಣುಕುಗಳಿವೆ. ಮುಂದೆ ಎಸ್.ಡಿ. ಗೊಯಿಟೈನ್ ಎಂಬ ಇತಿಹಾಸಕಾರರು ದಶಕಗಳ ಕಾಲ ಈ ತುಣುಕುಗಳನ್ನು ಓದಿ, ಭಾರತದ ಜೊತೆ ವ್ಯಾಪಾರ ಮಾಡುತ್ತಿದ್ದವರ ಪತ್ರಗಳನ್ನು ಒಂದೊಂದಾಗಿ ಹೆಕ್ಕಿ ತೆಗೆದರು. ಅವುಗಳಲ್ಲಿ ಮತ್ತೆ ಮತ್ತೆ ಕಾಣುವ ಊರು ‘ಮಂಜರೂರ್’. ಅಂದರೆ ಮಂಗಳೂರು.

ಇನ್ನೊಂದು ಸ್ವಾರಸ್ಯ ಕೇಳಿ. ಈ ಪತ್ರಗಳ ಭಾಷೆ ಅರಬ್ಬಿ, ಲಿಪಿ ಮಾತ್ರ ಹೀಬ್ರೂ. ಆಶ್ಚರ್ಯವೇನೂ ಬೇಡ. ತುಳು, ಕೊಂಕಣಿ, ಬ್ಯಾರಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವವರು, ವಾಟ್ಸ್‌ಆ್ಯಪ್‌ನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುವವರು ನಾವು.

ಮಹ್ದಿಯಾದಿಂದ ಮಂಗಳೂರಿಗೆ

ಆ ವರ್ತಕನ ಹೆಸರು ಅಬ್ರಹಾಂ ಬೆನ್ ಯಿಜು. ಹುಟ್ಟಿದ್ದು ಟ್ಯುನೀಶಿಯಾದ ಮಹ್ದಿಯಾ ಎಂಬ ಬಂದರು ಊರಿನಲ್ಲಿ. ಯೆಮೆನ್‌ನ ಏಡನ್‌ಗೆ ಬಂದು, ಅಲ್ಲಿ ಮದ್ಮೂನ್ ಎಂಬ ದೊಡ್ಡ ವರ್ತಕನ ವಿಶ್ವಾಸ ಗಳಿಸಿ, 1132ರ ಹೊತ್ತಿಗೆ ಮಂಗಳೂರು ತಲುಪಿದ. ಮುಂದಿನ ಹದಿನೇಳು ವರ್ಷಗಳ ಹೆಚ್ಚಿನ ಭಾಗವನ್ನು ಈ ಕರಾವಳಿಯಲ್ಲೇ ಕಳೆದ.

ಇಲ್ಲಿಂದ ಅವನು ಕಳಿಸುತ್ತಿದ್ದುದು ಕಾಳುಮೆಣಸು, ಏಲಕ್ಕಿ, ಶುಂಠಿ, ಕಬ್ಬಿಣ. ಜೊತೆಗೆ ಅಡಿಕೆ, ಅದರಲ್ಲೂ ಕೆಂಪು ಮತ್ತು ಬಿಳಿ ಎಂಬ ಎರಡು ಬಗೆ. ಅಡಿಕೆ ಮಂಡಿಯ ಧಾರಣೆ ನೋಡದೆ ಪೇಪರ್ ಮಡಚದ ನಮ್ಮ ಕಡೆಯವರಿಗೆ ಇದನ್ನು ಓದಿದರೆ ಖುಷಿಯಾಗಬೇಕು! ಏಡನ್‌ನ ಗೆಳೆಯರು ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಬಾದಾಮಿ, ಬಟ್ಟೆ, ಗಾಜಿನ ಸಾಮಾನು ಕಳಿಸುತ್ತಿದ್ದರು. ತಪ್ಪದೇ ಬರುತ್ತಿದ್ದ ಇನ್ನೊಂದು ವಸ್ತು ಕಾಗದ. ನಮ್ಮಲ್ಲಿ ಆಗ ಬರೆಯುತ್ತಿದ್ದುದು ತಾಳೆಗರಿಯ ಮೇಲೆ. ಕಾಗದ ಅಪರೂಪವಾಗಿದ್ದರಿಂದ ಬೆನ್ ಯಿಜು ಬಂದ ಪತ್ರಗಳ ಹಿಂಬದಿಯನ್ನೂ ಬಿಡದೆ ಲೆಕ್ಕ ಬರೆದ, ಕರಡು ಗೀಚಿದ. ಊರಿಗೆ ಮರಳುವಾಗ ಆ ಹಳೇ ಕಾಗದಗಳನ್ನೂ ಕಟ್ಟಿಕೊಂಡು ಹೋದ. ಹಾಗಾಗಿಯೇ ಅವು ಇಂದು ನಮ್ಮ ಪಾಲಿಗಿವೆ. ಇಲ್ಲೇ ಬಿಟ್ಟು ಹೋಗಿದ್ದರೆ ನಮ್ಮ ಮಳೆ, ಗೆದ್ದಲು ಒಂದು ಚೂರನ್ನೂ ಉಳಿಸುತ್ತಿರಲಿಲ್ಲ.

ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿ ನನ್ನ ಕಣ್ಣು ನಿಂತದ್ದು ಅವನ ಲೋಹದ ಕಾರ್ಖಾನೆಯ ಮೇಲೆ. ಏಡನ್‌ನ ಗಿರಾಕಿಗಳು ತಾಮ್ರ, ತವರ, ಒಡೆದ ಹಳೆಯ ಪಾತ್ರೆಗಳನ್ನು ಹಡಗಿಗೆ ಹಾಕಿ ಕಳಿಸುತ್ತಿದ್ದರು. ಯಾವ ಪಾತ್ರೆ, ಎಷ್ಟು ತೂಕ, ಯಾವ ಆಕಾರ ಎಂಬ ವಿವರವೂ ಜೊತೆಗಿರುತ್ತಿತ್ತು. ಇಲ್ಲಿನ ಕಂಚುಗಾರರು ಅದನ್ನು ಕರಗಿಸಿ ಹೊಸ ಪಾತ್ರೆ ಎರಕ ಹೊಯ್ದು ಕೊಡುತ್ತಿದ್ದರು. ಅರಬ್ಬಿ ಕಡಲಿನ ಆಚೆ ದಡದ ಮನೆಗಳ ಪಾತ್ರೆ ಈಚೆ ದಡದಲ್ಲಿ ರಿಪೇರಿಯಾಗಿ ಹೋಗುತ್ತಿತ್ತು. ಹೊರಗುತ್ತಿಗೆ ಎಂಬ ಪದ ಐಟಿ ಕಂಪನಿಗಳ ಜೊತೆ ಹುಟ್ಟಿರಬಹುದು, ಕೆಲಸ ಮಾತ್ರ ಬಹಳ ಹಳೆಯದು.

ಗಾಳಿಯೇ ಟೈಮ್‌ಟೇಬಲ್

ಈ ಇಡೀ ವ್ಯವಸ್ಥೆ ನಡೆಯುತ್ತಿದ್ದುದು ಮಾರುತಗಳ ಮೇಲೆ. ಮುಂಗಾರಿನ ಅಬ್ಬರದ ತಿಂಗಳುಗಳಲ್ಲಿ ನಮ್ಮ ಕಡೆಯ ಬಂದರುಗಳಿಗೆ ಹಡಗು ಬರುವಂತಿಲ್ಲ. ಅಬ್ಬರ ಇಳಿಯುವ ಹೊತ್ತಿಗೆ ಏಡನ್‌ನಿಂದ ಹೊರಟರೆ ನೈಋತ್ಯದ ಗಾಳಿ ಇತ್ತ ತಳ್ಳುತ್ತದೆ. ಚಳಿಗಾಲದಲ್ಲಿ ಬೀಸುವ ಈಶಾನ್ಯ ಗಾಳಿ ವಾಪಸ್ ಒಯ್ಯುತ್ತದೆ. ‘ಮಾನ್ಸೂನ್’ ಎಂಬ ಪದದ ಮೂಲವೇ ಅರಬ್ಬಿಯ ‘ಮೌಸಿಮ್’, ಅಂದರೆ ಋತು.

ಹಾಗಾಗಿ ಏಡನ್‌ನಿಂದ ಬರೆದ ಪತ್ರಕ್ಕೆ ಮಂಗಳೂರಿನಿಂದ ಉತ್ತರ ಬರಬೇಕಾದರೆ ಹೆಚ್ಚುಕಡಿಮೆ ವರ್ಷವೇ ಹಿಡಿಯುತ್ತಿತ್ತು. ಎರಡು ನೀಲಿ ಟಿಕ್ ಬಿದ್ದು ಐದು ನಿಮಿಷವಾದರೂ ರಿಪ್ಲೈ ಇಲ್ಲವೆಂದು ಮುನಿಸಿಕೊಳ್ಳುವ ನಮಗೆ ಇದು ಊಹೆಗೂ ನಿಲುಕದ ಮಾತು.

ಇಷ್ಟು ದೂರದ, ಇಷ್ಟು ನಿಧಾನದ ವ್ಯವಹಾರವನ್ನು ಹಿಡಿದಿಟ್ಟದ್ದು ನಂಬಿಕೆ. ಬ್ಯಾಂಕ್ ಇಲ್ಲ, ಮೇಲ್ಮನವಿಗೆ ಒಂದೇ ನ್ಯಾಯಾಲಯವಿಲ್ಲ, ಎರಡು ಬಂದರುಗಳಿಗೆ ಒಬ್ಬ ರಾಜನೂ ಇಲ್ಲ. ಗೆಳೆಯನ ಸರಕನ್ನು ನೀವು ಇಲ್ಲಿ ಮಾರಿಕೊಡಬೇಕು, ನಿಮ್ಮದನ್ನು ಅವನು ಅಲ್ಲಿ ಮಾರಿಕೊಡುತ್ತಾನೆ. ಅದಕ್ಕೆ ಸಂಬಳವಿಲ್ಲ. ಒಮ್ಮೆ ಏಡನ್ ಸಮೀಪ ಹಡಗೊಂದು ಮುಳುಗಿದಾಗ, ಅಲ್ಲಿನ ಗೆಳೆಯರು ಮುಳುಗುಗಾರರನ್ನು ಇಳಿಸಿ ಬೆನ್ ಯಿಜುವಿನ ಕಬ್ಬಿಣದಲ್ಲಿ ಸಿಕ್ಕಷ್ಟನ್ನು ಮೇಲೆತ್ತಿಸಿದರು. ಮೆಣಸು ಹೋಯಿತು, ಕಬ್ಬಿಣ ಇಷ್ಟು ಸಿಕ್ಕಿತು ಎಂದು ಲೆಕ್ಕ ಬರೆದು ಕಳಿಸಿದರು. ‘ಎಲ್ಲವೂ ಮುಳುಗಿತು’ ಎಂದು ಬರೆದಿದ್ದರೆ ಮಂಗಳೂರಿನಲ್ಲಿ ಕೂತವನಿಗೆ ಏನು ತಿಳಿಯುತ್ತಿತ್ತು?

ಎಲ್ಲರೂ ಸಾಚಾಗಳೇನಲ್ಲ. ಏಲಕ್ಕಿ ಕೊಡುವುದಾಗಿ ಮುಂಗಡ ಪಡೆದ ಇಲ್ಲಿನ ವ್ಯಾಪಾರಿಯೊಬ್ಬ ಬೆನ್ ಯಿಜುವನ್ನು ವರ್ಷಗಟ್ಟಲೆ ಸತಾಯಿಸಿದ. ‘ಊರವರ ಮುಂದೆ ಅವನ ಮಾನ ಹರಾಜು ಹಾಕುತ್ತೇನೆಂದು ಹೆದರಿಸು’ ಎಂಬರ್ಥದ ಸಲಹೆ ಏಡನ್‌ನಿಂದ ಬಂತು. ಆ ಕಾಲದಲ್ಲಿ ವರ್ತಕನ ಹೆಸರೇ ಅವನ ಬಂಡವಾಳ. ಹೆಸರು ಕೆಟ್ಟರೆ ಕಡಲಿನ ಎರಡೂ ದಡದಲ್ಲಿ ಬಾಗಿಲು ಮುಚ್ಚಿದಂತೆ.

ಬೊಮ್ಮ ಎಂಬ ಹೆಸರು

ಈಗ ಈ ಬರಹದ ನಿಜವಾದ ನಾಯಕನ ಸರದಿ. ಬೆನ್ ಯಿಜುವಿಗೆ ಒಬ್ಬ ಆಳು ಇದ್ದ. ಸ್ಪಷ್ಟವಾಗಿ ಹೇಳುವುದಾದರೆ ಗುಲಾಮ. ಹಾಗಿದ್ದೂ ಅವನು ಸರಕು ಹಿಡಿದು ಏಡನ್‌ಗೆ ಹೋಗಿ ಧಣಿಯ ಪರವಾಗಿ ವ್ಯವಹಾರ ಮಾಡಿ ಬರುತ್ತಿದ್ದ. ಒಮ್ಮೆ ಅಲ್ಲಿ ಕುಡಿದು, ಮದ್ಮೂನ್ ಬಳಿ ಹಣಕ್ಕಾಗಿ ಗಲಾಟೆ ಮಾಡಿದ ದೂರೂ ಪತ್ರದಲ್ಲಿದೆ! ವರ್ಷಗಳು ಕಳೆದಂತೆ ಏಡನ್‌ನ ವರ್ತಕರು ಬೆನ್ ಯಿಜುವಿಗೆ ಬರೆಯುವಾಗ ಅವನಿಗೂ ನಮಸ್ಕಾರ ತಿಳಿಸತೊಡಗಿದರು. ಮುಂದೆ ಅವನ ಹೆಸರಿನ ಹಿಂದೆ ‘ಶೇಖ್’ ಎಂಬ ಗೌರವವೂ ಸೇರಿತು.

ಅಂಥ ನಮಸ್ಕಾರವಿರುವ ಒಂದು ಪತ್ರವನ್ನು ಖಲಾಫ್ ಎಂಬ ವರ್ತಕ 1148ರಲ್ಲಿ ಬರೆದ. ಆ ವರ್ಷ ಇತಿಹಾಸ ಪುಸ್ತಕದಲ್ಲಿರುವುದು ಎರಡನೇ ಧರ್ಮಯುದ್ಧಕ್ಕಾಗಿ. ಯುರೋಪಿನ ರಾಜರು ಡಮಾಸ್ಕಸ್‌ಗೆ ಮುತ್ತಿಗೆ ಹಾಕಿದ್ದು ಆಗಲೇ. ಅದೇ ವರ್ಷ ಯೆಮೆನ್‌ನಲ್ಲಿ ಕೂತ ಯಹೂದಿಯೊಬ್ಬ ಮಂಗಳೂರಿನ ಗೆಳೆಯನಿಗೆ ಅರಬ್ಬಿಯಲ್ಲಿ ಪತ್ರ ಬರೆದು, ಕರಾವಳಿಯ ಒಬ್ಬ ಆಳನ್ನು ನೆನಪಿಸಿಕೊಂಡಿದ್ದ.

1978ರಲ್ಲಿ ಆಕ್ಸ್‌ಫರ್ಡ್‌ನ ಗ್ರಂಥಾಲಯವೊಂದರಲ್ಲಿ 22 ವರ್ಷದ ಭಾರತೀಯ ವಿದ್ಯಾರ್ಥಿಯೊಬ್ಬ ಗೊಯಿಟೈನ್ ಅನುವಾದಿಸಿದ ಪತ್ರಗಳ ಪುಸ್ತಕ ತೆರೆದ. ಅದರಲ್ಲಿ ಈ ಆಳಿನ ಸುಳಿವು ಕಂಡಿತು. ಯಾರಿವನು ಎಂಬ ಕುತೂಹಲ ಹುಟ್ಟಿತು. ಅವರೇ ಇಂದಿನ ಪ್ರಸಿದ್ಧ ಕಾದಂಬರಿಕಾರ ಅಮಿತಾವ್ ಘೋಷ್. ಅವರು ಈಜಿಪ್ಟ್‌ನ ಹಳ್ಳಿಯಲ್ಲಿದ್ದು ಅರಬ್ಬಿ ಕಲಿತರು. ಹಳ್ಳಿಯ ಆ ಆಡುಮಾತೇ ಗೆನಿಜಾ ಪತ್ರಗಳನ್ನು ಓದಲು ನೆರವಾಯಿತು. ಹಸ್ತಪ್ರತಿಗಳನ್ನು ಹುಡುಕಿದರು, ಮಂಗಳೂರಿಗೂ ಬಂದರು. ಆ ಹುಡುಕಾಟದ ಪುಸ್ತಕ ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’ ಬಂದದ್ದು 1992ರಲ್ಲಿ. ಒಂದು ಅಡಿಟಿಪ್ಪಣಿಯಂಥ ಮನುಷ್ಯನಿಗಾಗಿ ಹದಿನಾಲ್ಕು ವರ್ಷ!

ಹೆಸರಿನ ಪತ್ತೆಯಂತೂ ಪತ್ತೇದಾರಿ ಕಥೆಯ ಹಾಗಿದೆ. ಅರಬ್ಬಿ, ಹೀಬ್ರೂ ಬರಹದಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ನಮ್ಮ ಒತ್ತಕ್ಷರದ ದ್ವಿತ್ವವೂ ಅಲ್ಲಿ ಕಾಣದು. ಪತ್ರದಲ್ಲಿದ್ದುದು ‘ಬ’, ‘ಮ’, ಕೊನೆಗೊಂದು ಅಕ್ಷರ. ಹಿಂದಿನ ವಿದ್ವಾಂಸರು ಅದನ್ನು ‘ಬಾಮಾ’ ಎಂದು ಓದಿದ್ದರು. ಮಂಗಳೂರಿನಲ್ಲಿ ಜಾನಪದ ವಿದ್ವಾಂಸ ಪ್ರೊ. ಬಿ.ಎ. ವಿವೇಕ ರೈ ಅವರ ನೆರವಿನಿಂದ ಘೋಷ್‌ಗೆ ಅದು ‘ಬೊಮ್ಮ’ ಎಂದು ಹೊಳೆಯಿತು. ಬ್ರಹ್ಮ ನಮ್ಮ ಬಾಯಲ್ಲಿ ಬೊಮ್ಮನಾಗುತ್ತಾನೆ, ತುಳುನಾಡಿನ ದೈವಾರಾಧನೆಯಲ್ಲಿ ಬೆರ್ಮೆರ್ ಆಗುತ್ತಾನೆ. ಬೊಮ್ಮಯ್ಯ, ಬಮ್ಮೋಜ ಎಂಬ ಹೆಸರುಗಳು ಆ ಕಾಲದ ಶಾಸನಗಳಲ್ಲಿ ಬೇಕಾದಷ್ಟಿವೆ. ಕೇಂಬ್ರಿಡ್ಜ್, ಜೆರುಸಲೇಂನ ಹಸ್ತಪ್ರತಿಯಲ್ಲಿದ್ದ ಗಂಟು ಬಿಚ್ಚಲು ಕರಾವಳಿಯ ತಿಳಿವಳಿಕೆಯೇ ಬೇಕಾಯಿತು.

ಸಿಹಿಯಷ್ಟೇ ಅಲ್ಲ

ಇದನ್ನೆಲ್ಲ ಓದಿ ‘ಆಹಾ, ಎಂಥ ಸೌಹಾರ್ದದ ಕಾಲ’ ಎಂದು ಕಣ್ಣು ಮುಚ್ಚಿಕೊಂಡರೆ ಅದೂ ಅರ್ಧ ಸತ್ಯವೇ. ಬೊಮ್ಮ ಶೇಖ್ ಎನಿಸಿಕೊಂಡರೂ ಪತ್ರಗಳಿಗೆ ಅವನು ಸಿಗುವುದು ಧಣಿಯ ಮೂಲಕ. ಅವನ ಕೈಬರಹದ ಒಂದು ಸಾಲೂ ಇಲ್ಲ. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬೆನ್ ಯಿಜು ಆಶು ಎಂಬ ಹೆಣ್ಣಾಳಿಗೆ ಬಿಡುಗಡೆಯ ಪತ್ರ ಬರೆದುಕೊಟ್ಟ. ಆಕೆಯನ್ನೇ ಅವನು ಮದುವೆಯಾದ, ಅವನ ಮಕ್ಕಳ ತಾಯಿ ಆಕೆಯೇ ಎಂಬುದು ವಿದ್ವಾಂಸರ ಅಭಿಪ್ರಾಯ. ಆದರೆ ಬೊಮ್ಮನಿಗೆ ನಮಸ್ಕಾರ ಹೇಳಿದ ಗೆಳೆಯರು ಆಶುವಿಗೆ ಒಂದು ನಮಸ್ಕಾರವನ್ನೂ ಹೇಳಲಿಲ್ಲ. ಬೇರೆ ಕುಲದಿಂದ ಬಂದ ಹೆಣ್ಣಿನ ಬಗ್ಗೆ ಅವರ ಅಸಮಾಧಾನ ಆ ಮೌನದಲ್ಲಿರಬಹುದು. ಆಶುವಿನ ಮಾತು ನಮಗೆ ಕೇಳಿಸುವುದೇ ಇಲ್ಲ.

1149ರಲ್ಲಿ ಬೆನ್ ಯಿಜು ಮಕ್ಕಳೊಂದಿಗೆ ಏಡನ್‌ಗೆ ಮರಳಿದ. ಹುಟ್ಟೂರು ಮಹ್ದಿಯಾವನ್ನು ಅದರ ಹಿಂದಿನ ವರ್ಷವಷ್ಟೇ ಸಿಸಿಲಿಯ ಸೇನೆ ವಶಪಡಿಸಿಕೊಂಡಿತ್ತು. ಒಡಹುಟ್ಟಿದವರು ಸಿಸಿಲಿ ಸೇರಿದ್ದರು. ಮಗ ಯೆಮೆನ್‌ನಲ್ಲೇ ತೀರಿಕೊಂಡ. ಮಗಳು ಸಿತ್ತ್ ಅಲ್-ದಾರ್‌ಳ ಮದುವೆ 1156ರಲ್ಲಿ ಫುಸ್ತಾತ್‌ನಲ್ಲಿ, ಸಿಸಿಲಿಯಿಂದ ಬಂದ ಸೋದರ ಸಂಬಂಧಿಯೊಂದಿಗೆ ನಡೆಯಿತು. ಭಾರತದ ಕರಾವಳಿಯಲ್ಲಿ ಬೆಳೆದ ಹುಡುಗಿ ನೈಲ್ ನದಿಯ ದಡದಲ್ಲಿ ಮದುಮಗಳಾದಳು.

ನಮಗೇನು ಲಾಭ?

ಮತ್ತೆ ಗೆಳೆಯರ ಪ್ರಶ್ನೆಗೆ ಬರೋಣ. ಮಧ್ಯಯುಗ ಎಂದರೆ ನಮ್ಮ ತಲೆಯಲ್ಲಿರುವುದು ಯುದ್ಧಗಳ ಪಟ್ಟಿ. ಯಾರು ಯಾರ ಮೇಲೆ ದಾಳಿ ಮಾಡಿದರು, ಯಾರು ಗೆದ್ದರು ಎಂಬುದನ್ನಷ್ಟೇ ಓದಿದವರಿಗೆ ಬೇರೆ ಧರ್ಮ, ಬೇರೆ ಭಾಷೆಯವರೆಂದರೆ ಹಗೆಗಳು ಎಂದೇ ಅನಿಸತೊಡಗುತ್ತದೆ. ಅದನ್ನೇ ಹಿಡಿದು ಮೊಬೈಲ್‌ನಲ್ಲಿ ಸಂಜೆಯವರೆಗೂ ಜಗಳಾಡುತ್ತೇವೆ. ಯುದ್ಧಗಳು ನಡೆದದ್ದು ನಿಜ. ಅದೇ ವರ್ಷಗಳಲ್ಲಿ ಪಾತ್ರೆ ಎರಕ ಹೊಯ್ದವರು, ಅಡಿಕೆ ತೂಗಿದವರು, ಸಾಲ ವಸೂಲಿಗೆ ಅಲೆದವರು, ಮುಳುಗಿದ ಸರಕಿನ ಲೆಕ್ಕ ಕೊಟ್ಟವರು ಇದ್ದದ್ದೂ ಅಷ್ಟೇ ನಿಜ. ಇವೆರಡನ್ನೂ ಒಟ್ಟಿಗೆ ಓದಿದವರನ್ನು ಒಂದು ಫಾರ್ವರ್ಡ್ ಮೆಸೇಜ್ ಅಷ್ಟು ಸುಲಭಕ್ಕೆ ಕೆರಳಿಸಲಾರದು ಎಂಬುದು ನನ್ನ ನಂಬಿಕೆ.

ಕೆಲಸ ಹುಡುಕುತ್ತಿರುವವರಿಗೂ ಇಲ್ಲಿ ಒಂದು ಪಾಠವಿದೆ. ದುಬೈ, ಮಸ್ಕತ್ ಎಂದು ಇಂದು ನಮ್ಮೂರಿನ ಹುಡುಗರು ದಾಟುವ ಕಡಲನ್ನು ಬೊಮ್ಮ ಒಂಬತ್ತು ಶತಮಾನಗಳ ಹಿಂದೆಯೇ ದಾಟಿದ್ದ. ಗೊತ್ತಿಲ್ಲದ ಊರು, ಅರಬ್ಬಿ ಮಾತು, ಪರರ ಹಣದ ಜವಾಬ್ದಾರಿ ಎಲ್ಲವನ್ನೂ ಅವನು ನಿಭಾಯಿಸಿದ. ಇಂಟರ್‌ವ್ಯೂಗಳಲ್ಲಿ ನಮ್ಮಿಂದ ನಿರೀಕ್ಷಿಸುವುದೂ ಹೆಚ್ಚುಕಡಿಮೆ ಇದನ್ನೇ ಅಲ್ಲವೇ?

ಗೆನಿಜಾದ ಸಾವಿರಾರು ಹಾಳೆಗಳ ಚಿತ್ರಗಳನ್ನು ಕೇಂಬ್ರಿಡ್ಜ್ ತನ್ನ ಡಿಜಿಟಲ್ ಗ್ರಂಥಾಲಯದಲ್ಲಿ ಉಚಿತವಾಗಿ ತೆರೆದಿಟ್ಟಿದೆ. ಮುಂದಿನ ಸೆಮಿಸ್ಟರ್ ರಜೆಯಲ್ಲಿ ರೀಲ್ಸ್ ನೋಡಿ ಬೇಜಾರಾದಾಗ ಒಮ್ಮೆ ತೆರೆದು ನೋಡಿ. ಅಕ್ಷರ ಓದಲು ಬಾರದಿದ್ದರೂ ಸರಿ, ಜಾಗ ಉಳಿಸಲೆಂದು ಅಂಚಿನವರೆಗೂ ಒತ್ತೊತ್ತಾಗಿ ಬರೆದ ಸಾಲುಗಳು ಕಾಣುತ್ತವೆ. ಅಂಥ ಹಾಳೆಗಳಲ್ಲಿ ಕೆಲವು ಮಂಗಳೂರಿನ ಮಳೆಗಾಲವನ್ನು ಕಂಡು ಬಂದಂಥವು.