ದಾರಿ ಬಿಡಿಸಿದ ಸುಂಕ

ನಗರದಲ್ಲಿ ನೀರು ನಿಂತರೆ ಜನ ನೀರು ಸರಬರಾಜಿನ ಇಂಜಿನಿಯರರನ್ನು ನೆನೆಯುತ್ತಾರೆ. ದೀಪ ಆರಿದರೆ ವಿದ್ಯುತ್ ಕಚೇರಿಯನ್ನು ಶಪಿಸುತ್ತಾರೆ. ಆದರೆ ಬೆಳಗಿನ ಎಂಟು ಗಂಟೆಗೆ ಸೇತುವೆಯ ಮೇಲೆ ನೂರಾರು ಕಾರುಗಳು ಅಲುಗಾಡದೆ ನಿಂತಾಗ ಯಾರನ್ನು ನೆನೆಯಬೇಕು? ಮುಂದಿನ ಕಾರಿನವನನ್ನು ಬೈಯುವವರುಂಟು, ಪೋಲೀಸಿನವನನ್ನು ಬೈಯುವವರುಂಟು, ಕೆಂಪು ದೀಪವನ್ನು ಬೈಯುವವರೂ ಉಂಟು. ನಗರಾಡಳಿತದ ಕಟ್ಟಡದ ಯಾವುದೋ ಒಂದು ಮಹಡಿಯಲ್ಲಿ ನಕ್ಷೆಗಳ ಮುಂದೆ ಕುಳಿತಿರುವ ಅಧಿಕಾರಿ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಆತನೇ ಸಂಚಾರ ಯೋಜಕ.

ಈ ಹುದ್ದೆ ವಿಚಿತ್ರವಾದುದು. ರಸ್ತೆ ಕಟ್ಟುವವನು ಆತನಲ್ಲ; ಬಸ್ಸು ಓಡಿಸುವವನೂ ಅಲ್ಲ; ತಪ್ಪು ಮಾಡಿದವನಿಗೆ ದಂಡ ಹಾಕುವ ಅಧಿಕಾರವೂ ಆತನಿಗಿಲ್ಲ. ಆತನ ಕೆಲಸ ಎಣಿಸುವುದು, ಅಂದಾಜು ಕಟ್ಟುವುದು, ಆ ಅಂದಾಜನ್ನು ಜನಪ್ರತಿನಿಧಿಗಳ ಮುಂದಿಟ್ಟು ಉತ್ತರ ಹೇಳುವುದು. ಊರನ್ನು ನೂರಾರು ತುಂಡುಗಳಾಗಿ ವಿಂಗಡಿಸಿಕೊಂಡು ಆತನು ನಾಲ್ಕು ಪ್ರಶ್ನೆಗಳನ್ನು ಕೇಳುತ್ತಾನೆ. ಈ ತುಂಡಿನಿಂದ ದಿನವೂ ಎಷ್ಟು ಜನ ಹೊರಡುತ್ತಾರೆ? ಎಲ್ಲಿಗೆ ಹೋಗುತ್ತಾರೆ? ನಡೆದೋ, ಸೈಕಲ್ಲಿನಲ್ಲೋ, ಬಸ್ಸಿನಲ್ಲೋ, ಕಾರಿನಲ್ಲೋ? ಯಾವ ದಾರಿ ಹಿಡಿಯುತ್ತಾರೆ? ಆಯ್ದ ಮನೆಗಳವರು ತಮ್ಮ ಒಂದು ದಿನದ ಓಡಾಟವನ್ನು ಬರೆದುಕೊಟ್ಟ ದಿನಚರಿಗಳು, ಸೇತುವೆಗಳ ಮೇಲೆ ಗಾಡಿಗಳನ್ನು ಎಣಿಸಿ ಬರೆದಿಟ್ಟ ಪಟ್ಟಿಗಳು—ಇವೇ ಆತನ ಬಂಡವಾಳ. ಲೆಕ್ಕ ತಪ್ಪಿದರೆ ಕೋಟಿಗಟ್ಟಲೆ ಹಣದ ಸೇತುವೆ ಬರಿದಾಗಿ ನಿಲ್ಲಬಹುದು. ಅಥವಾ ಕಟ್ಟಿದ ವರ್ಷವೇ ಕಿಕ್ಕಿರಿದುಹೋಗಬಹುದು.

ಇಂಥ ಲೆಕ್ಕಗಳಲ್ಲಿ ಹೆಚ್ಚಿನವು ಕಡತದಲ್ಲಿಯೇ ಹುಟ್ಟಿ ಕಡತದಲ್ಲಿಯೇ ಅಡಗುತ್ತವೆ. ಆದರೆ ಸ್ವೀಡನ್ ದೇಶದ ರಾಜಧಾನಿಯಾದ ಸ್ಟಾಕ್‌ಹೋಂ 2006ರಲ್ಲಿ ತನ್ನ ಯೋಜಕರ ಲೆಕ್ಕವೊಂದನ್ನು ಏಳು ತಿಂಗಳ ಕಾಲ ಬೀದಿಯಲ್ಲಿ ಪರೀಕ್ಷಿಸಿ, ಅನಂತರ ಅದರ ಮೇಲೆ ಇಡೀ ಊರಿನ ಮತವನ್ನೇ ಕೇಳಿತು.

ನೀರಿನ ನಡುವಿನ ಊರು

ಮೆಲಾರೆನ್ ಸರೋವರದ ನೀರು ಬಾಲ್ಟಿಕ್ ಸಮುದ್ರವನ್ನು ಸೇರುವೆಡೆಯಲ್ಲಿ, ಹದಿನಾಲ್ಕು ದ್ವೀಪಗಳ ಮೇಲೆ ಹರಡಿಕೊಂಡ ಊರು ಸ್ಟಾಕ್‌ಹೋಂ. ಸೇತುವೆಗಳೇ ಅದರ ಸೊಬಗು. ಸೇತುವೆಗಳೇ ಅದರ ಸಂಕಟ. ಹೊರವಲಯದಿಂದ ನಡುವಣ ನಗರಕ್ಕೆ ಬರುವ ದಾರಿಗಳು ಬೆರಳೆಣಿಕೆಯವು. ಬೆಳಗ್ಗೆ ಮತ್ತು ಸಂಜೆ ಎಲ್ಲರೂ ಅವೇ ಕೊರಳುಗಳಲ್ಲಿ ನುಸುಳಬೇಕು.

ಸಂಚಾರದ ವಿಷಯದಲ್ಲಿ ಜನಮತವನ್ನು ಕೇಳುವುದು ಸ್ವೀಡನ್ನಿಗೆ ಹೊಸದಾಗಿರಲಿಲ್ಲ. ಒಂದು ಕಾಲಕ್ಕೆ ಅಲ್ಲಿಯೂ ಭಾರತದಂತೆಯೇ ಗಾಡಿಗಳು ರಸ್ತೆಯ ಎಡಬದಿಯಲ್ಲಿ ಓಡುತ್ತಿದ್ದವು. ನೆರೆಯ ದೇಶಗಳಂತೆ ಬಲಬದಿಗೆ ಹೋಗೋಣವೇ ಎಂದು 1955ರಲ್ಲಿ ಕೇಳಿದಾಗ ಶೇಕಡ 80ಕ್ಕೂ ಮಿಕ್ಕಿ ಮತದಾರರು ಒಲ್ಲೆವೆಂದರು. ಆದರೂ 1963ರಲ್ಲಿ ಪಾರ್ಲಿಮೆಂಟು ಬದಲಾವಣೆಗೆ ಒಪ್ಪಿಗೆ ಕೊಟ್ಟಿತು. ನಾಲ್ಕು ವರ್ಷಗಳ ಸಿದ್ಧತೆಯ ಬಳಿಕ 1967ರ ಸೆಪ್ಟೆಂಬರ್ 3ರ ಭಾನುವಾರ ನಸುಕಿನಲ್ಲಿ ರಸ್ತೆಯಲ್ಲಿದ್ದ ಗಾಡಿಗಳೆಲ್ಲ ನಿಂತು, ಮೆಲ್ಲನೆ ಬಲಕ್ಕೆ ಸರಿದು, ಐದು ಗಂಟೆ ಹೊಡೆಯುತ್ತಲೇ ಮುಂದಕ್ಕೆ ಹೊರಟವು. ಒಲ್ಲೆವೆಂದಿದ್ದ ಜನ ಹೊಸ ಬದಿಗೆ ಒಗ್ಗಿಹೋದರು. ಅಭ್ಯಾಸದ ಮೇಲೆ ಕಟ್ಟಿದ ಅಭಿಪ್ರಾಯ ಅಭ್ಯಾಸ ಬದಲಾದೊಡನೆ ತಾನೂ ಬದಲಾಗಬಲ್ಲದು—ಅಂದಿನ ಪಾಠ ಇದು. ಜನರು ಬೇಡವೆಂದುದನ್ನು ಅವರ ಮೇಲೆ ಹೊರಿಸಬಹುದೇ ಎಂಬ ಪ್ರಶ್ನೆ ಮಾತ್ರ ಉತ್ತರವಿಲ್ಲದೆ ಉಳಿಯಿತು.

ಬಾಗಿಲು ಮತ್ತು ಸಾಲು

ಇಕ್ಕಟ್ಟಾದರೆ ರಸ್ತೆಯನ್ನು ಅಗಲಮಾಡಿದರಾಯಿತಲ್ಲ ಎಂಬುದು ಎಲ್ಲರಿಗೂ ಮೊದಲು ತೋಚುವ ಮಾತು. ಸ್ಟಾಕ್‌ಹೋಮಿನವರೂ 1960ರ ದಶಕದಲ್ಲಿ ನಗರದ ಪಶ್ಚಿಮಕ್ಕೆ ಎಸಿಂಗೆಲೆಡೆನ್ ಎಂಬ ವಿಶಾಲವಾದ ಮೋಟಾರು ಹೆದ್ದಾರಿಯನ್ನು ಸೇತುವೆಗಳ ಮೇಲೆ ಹಾಯಿಸಿದರು. ಕಾಲಕ್ರಮದಲ್ಲಿ ಅದೂ ತುಂಬಿತು. ದಾರಿ ಸಲೀಸಾಯಿತೆಂದು ಕಂಡೊಡನೆ ಬಸ್ಸಿನಲ್ಲಿದ್ದವನು ಕಾರನ್ನೇರುತ್ತಾನೆ, ಬೇರೆ ಹೊತ್ತಿನಲ್ಲಿ ಹೋಗುತ್ತಿದ್ದವನು ಎಂಟು ಗಂಟೆಗೇ ಹೊರಡುತ್ತಾನೆ, ಮತ್ತೊಬ್ಬನು ಇನ್ನೂ ದೂರದಲ್ಲಿ ಮನೆ ಮಾಡುತ್ತಾನೆ.

ಆದರೆ ಇಕ್ಕಟ್ಟಿನ ಗಣಿತದಲ್ಲಿ ಯೋಜಕನಿಗೆ ಅನುಕೂಲವಾದ ಗುಟ್ಟೊಂದಿದೆ. ಜಾತ್ರೆಯ ದಿನ ಗುಡಿಯ ಬಾಗಿಲಿನಲ್ಲಿ ನಿಮಿಷಕ್ಕೆ ಹತ್ತು ಮಂದಿ ಒಳಹೋಗಬಹುದೆನ್ನೋಣ. ನಿಮಿಷಕ್ಕೆ ಹತ್ತೇ ಮಂದಿ ಬಂದರೆ ಸಾಲು ಬೆಳೆಯುವುದಿಲ್ಲ. ಹನ್ನೆರಡು ಮಂದಿ ಬಂದರೆ ಒಂದು ಗಂಟೆಯಲ್ಲಿ 120 ಮಂದಿಯ ಸಾಲು ಬೆಳೆದು ನಿಲ್ಲುತ್ತದೆ. ಬಂದ ಹನ್ನೆರಡರಲ್ಲಿ ಇಬ್ಬರು ಮಾತ್ರ ಬೇರೆ ಹೊತ್ತಿಗೆ ಬಂದಿದ್ದರೆ ಆ ಸಾಲೇ ಇರುತ್ತಿರಲಿಲ್ಲ! ರಸ್ತೆಯ ವಿಷಯವೂ ಹೀಗೆಯೇ. ಎಲ್ಲರೂ ಕಾರನ್ನು ಬಿಡಬೇಕಾಗಿಲ್ಲ. ಐವರಲ್ಲಿ ಒಬ್ಬನು ಬಿಟ್ಟರೆ ಉಳಿದ ನಾಲ್ವರ ದಾರಿ ಬಿಡುತ್ತದೆ. ಆ ಒಬ್ಬನನ್ನು ಆರಿಸುವವರು ಯಾರು?

ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1950ರ ದಶಕದಲ್ಲಿಯೇ ಇದಕ್ಕೆ ಉತ್ತರ ಹೇಳಿದ್ದರು. ಕಿಕ್ಕಿರಿದ ಹೊತ್ತಿನಲ್ಲಿ ರಸ್ತೆಯನ್ನು ಬಳಸುವವನು ಅದಕ್ಕೊಂದು ಬೆಲೆ ತೆರಲಿ. ಆಗ ಯಾರ ಪ್ರಯಾಣ ಎಷ್ಟು ಅಗತ್ಯವೆಂಬುದನ್ನು ಅವರವರೇ ನಿರ್ಧರಿಸಿಕೊಳ್ಳುತ್ತಾರೆ ಎಂಬುದು ಅವರ ವಾದ. 1996ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಘೋಷಣೆಯಾಯಿತು. ಮೂರು ದಿನಗಳಲ್ಲಿ ಅವರು ತೀರಿಕೊಂಡರು. ಅಷ್ಟು ಹೊತ್ತಿಗೆ ಅವರ ವಿಚಾರವನ್ನು ಕಾರ್ಯಕ್ಕಿಳಿಸಿದ ದೊಡ್ಡ ನಗರವೆಂದರೆ ಸಿಂಗಪುರ. ಅಲ್ಲಿ 1975ರಿಂದ ಸುಂಕವಿತ್ತು. ಲಂಡನ್ 2003ರ ಫೆಬ್ರವರಿಯಲ್ಲಿ ಅದನ್ನು ಅನುಸರಿಸಿತು.

ಮುರಿದ ಮಾತು, ಕಟ್ಟಿದ ಕಟ್ಟೆ

ಸ್ಟಾಕ್‌ಹೋಮಿನಲ್ಲಿ ಈ ಯೋಜನೆ ಹುಟ್ಟಿದ ಗಳಿಗೆ ಶುಭವಾಗಿರಲಿಲ್ಲ. 2002ರ ಚುನಾವಣೆಯಲ್ಲಿ ಸೋಷಿಯಲ್ ಡೆಮೊಕ್ರಾಟ್ ಪಕ್ಷದ ನಗರ ನಾಯಕಿ ಅನ್ನಿಕಾ ಬಿಲ್‌ಸ್ಟ್ರೋಮ್ ಅವರು ರಸ್ತೆ ಸುಂಕವನ್ನು ತರುವುದಿಲ್ಲವೆಂದು ಮಾತು ಕೊಟ್ಟಿದ್ದರು. ಚುನಾವಣೆ ಮುಗಿದ ಮೇಲೆ, ರಾಷ್ಟ್ರದ ಸರಕಾರ ನಿಲ್ಲಲು ಹಸುರು ಪಕ್ಷದ ಬೆಂಬಲ ಬೇಕಾಯಿತು. ಆ ಪಕ್ಷವು ಸ್ಟಾಕ್‌ಹೋಮಿನಲ್ಲಿ ಸುಂಕದ ಪ್ರಯೋಗ ನಡೆಯಬೇಕೆಂಬ ಕರಾರು ಹಾಕಿತು. ಕೊಟ್ಟ ಮಾತು ಮುರಿಯಿತು. ಪೌರರು ಸಿಟ್ಟಾದರು, ಪತ್ರಿಕೆಗಳು ಕೆಂಡ ಕಾರಿದವು. ಪ್ರಯೋಗದ ಒಟ್ಟು ವೆಚ್ಚ ಸುಮಾರು 380 ಕೋಟಿ ಕ್ರೋನ. ಸೋತರೆ ಸುಂಕವೆಂಬ ಮಾತನ್ನೇ ಮತ್ತೆ ಯಾರೂ ಎತ್ತುವಂತಿರಲಿಲ್ಲ.

ರಾಜಕಾರಣಿಗಳ ಈ ಜಗಳದ ನಡುವೆ ಯೋಜಕರು ತಮ್ಮ ಮೇಜಿನ ಮೇಲೆ ನಕ್ಷೆಯನ್ನು ಹರಡಿದರು. ನಡುವಣ ನಗರದ ಸುತ್ತ 18 ಕಡೆ ಸುಂಕದ ಕಟ್ಟೆಗಳು. ಕಟ್ಟೆಯೆಂದರೆ ಹಳೆಯ ಕಾಲದಂತೆ ಗಾಡಿಯನ್ನು ತಡೆದು ಕಾಸು ಕೇಳುವ ಗುಡಿಸಲಲ್ಲ. ರಸ್ತೆಗೆ ಅಡ್ಡಲಾಗಿ ಮೇಲೆ ನಿಲ್ಲಿಸಿದ ಕಮಾನು, ಅದರಲ್ಲಿ ಗಾಡಿಯ ನಂಬರನ್ನು ಹಿಡಿಯುವ ಕ್ಯಾಮೆರಾ. ಹಣವನ್ನು ಆಮೇಲೆ ಬ್ಯಾಂಕಿನ ಮೂಲಕವೋ ಮೂಲೆಯಂಗಡಿಯಲ್ಲೋ ಕಟ್ಟಬಹುದು. ಒಳಕ್ಕೆ ಬಂದರೂ ಹೊರಕ್ಕೆ ಹೋದರೂ ಹೊತ್ತನ್ನು ನೋಡಿಕೊಂಡು 10, 15 ಅಥವಾ 20 ಕ್ರೋನ. ದಿನವೊಂದಕ್ಕೆ 60ಕ್ಕೆ ಮೀರುವಂತಿಲ್ಲ. ರಾತ್ರಿ, ಶನಿವಾರ, ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಸುಂಕವಿಲ್ಲ. ನಗರವನ್ನು ಬಳಸಿ ಹೋಗುವವರಿಗಾಗಿ ಎಸಿಂಗೆಲೆಡೆನ್ ಹೆದ್ದಾರಿಯನ್ನು ಸುಂಕದಿಂದ ಬಿಟ್ಟರು.

ಲಿಡಿಂಗೋ ಎಂಬ ದ್ವೀಪದ ಕತೆ ಯೋಜಕರ ಕೆಲಸದ ಸೂಕ್ಷ್ಮವನ್ನು ತೋರಿಸುತ್ತದೆ. ಅಲ್ಲಿಯವರು ಎಲ್ಲಿಗೆ ಹೋಗಬೇಕಾದರೂ ಸುಂಕದ ಗಡಿಯೊಳಗೇ ಹಾದುಹೋಗಬೇಕು; ಬೇರೆ ದಾರಿಯೇ ಇಲ್ಲ. ಒಂದು ಕಟ್ಟೆಯನ್ನು ದಾಟಿ 30 ನಿಮಿಷಗಳೊಳಗೆ ಇನ್ನೊಂದು ಕಟ್ಟೆಯಿಂದ ಹೊರಬಿದ್ದರೆ ಅವರಿಗೆ ಸುಂಕವಿಲ್ಲವೆಂದು ನಿಯಮ ಮಾಡಿದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂಬ ಗಾದೆ ಇಲ್ಲಿ ಸುಳ್ಳಾಯಿತು!

ಸುಂಕಕ್ಕೆ ಮುಂಚೆ, 2005ರ ಆಗಸ್ಟಿನಲ್ಲಿ, ಹೊಸ ಬಸ್ಸುಗಳು ಬಂದವು: ಸುಮಾರು 200 ಬಸ್ಸುಗಳು, 16 ಹೊಸ ಮಾರ್ಗಗಳು. ಕಾರು ಬಿಡುವವನಿಗೆ ಬೇರೊಂದು ಅನುಕೂಲ ಇರಬೇಕಷ್ಟೆ. ಇದರಿಂದ ಇನ್ನೊಂದು ಸಂಗತಿಯೂ ತಿಳಿಯಿತು. ಬಸ್ಸುಗಳು ಹೆಚ್ಚಿದ ಮಾತ್ರಕ್ಕೆ ಆ ನಾಲ್ಕು ತಿಂಗಳಲ್ಲಿ ಕಾರುಗಳೇನೂ ಕಡಮೆಯಾಗಲಿಲ್ಲ. ಬಸ್ಸು ಒಳ್ಳೆಯದಾದರೆ ಜನ ತಾವಾಗಿಯೇ ಕಾರು ಬಿಡುತ್ತಾರೆಂಬ ಸುಲಭದ ನಂಬಿಕೆಗೆ ಅಲ್ಲಿ ಆಧಾರ ಸಿಕ್ಕಲಿಲ್ಲ.

ಜನವರಿ ಮೂರು

2006ರ ಜನವರಿ 3ರ ಬೆಳಗ್ಗೆ ಆರೂವರೆಗೆ ಕ್ಯಾಮೆರಾಗಳು ಕಣ್ಣು ತೆರೆದವು. ಗೊಂದಲವಾದೀತು, ಬಸ್ಸು ರೈಲುಗಳು ತುಂಬಿ ಒಡೆದಾವು ಎಂದು ಹೇಳಿದ್ದವರು ಹಲವರು. ಆಗಿದ್ದೇ ಬೇರೆ. ಸೇತುವೆಗಳು ಖಾಲಿಯಾಗಿ ಕಂಡವು. ನಗರವು ಇಟ್ಟುಕೊಂಡಿದ್ದ ಗುರಿ ಶೇಕಡ 10ರಿಂದ 15ರ ವರೆಗಿನ ಇಳಿತ. ಗಡಿಯನ್ನು ದಾಟುವ ಗಾಡಿಗಳು ವಾಸ್ತವವಾಗಿ ಇಳಿದದ್ದು ಶೇಕಡ 20ಕ್ಕೂ ಹೆಚ್ಚು. ನಗರಕ್ಕೆ ಬರುವ ಮುಖ್ಯ ದಾರಿಗಳಲ್ಲಿ ಸಾಲಿನಲ್ಲಿ ಕಾಯುವ ಹೊತ್ತು ಮೂರರಲ್ಲೊಂದು ಪಾಲು, ಕೆಲವೆಡೆ ಅರ್ಧದಷ್ಟೇ ಇಳಿಯಿತು. ನಡುವಣ ನಗರದಲ್ಲಿ ಗಾಡಿಗಳ ಹೊಗೆ ಶೇಕಡ 10ಕ್ಕಿಂತ ಹೆಚ್ಚಾಗಿ ತಗ್ಗಿತು. ಬಸ್ಸು ರೈಲುಗಳ ಪ್ರಯಾಣಿಕರು ಶೇಕಡ ಆರರಷ್ಟು ಹೆಚ್ಚಿದರೇ ಹೊರತು ಯಾವುದೂ ಒಡೆದುಹೋಗಲಿಲ್ಲ.

ಮಾಯವಾದ ಆ ಕಾರುಗಳು ಎಲ್ಲಿಗೆ ಹೋದವು? ಕೆಲಸಕ್ಕೆ ಹೋಗುವವರಲ್ಲಿ ಕಾರು ಬಿಟ್ಟವರು ಬಸ್ಸು ರೈಲುಗಳನ್ನು ಹಿಡಿದಿದ್ದರು. ಉಳಿದವರು ಎರಡು ಕೆಲಸಗಳನ್ನು ಒಂದೇ ಸಲ ಮುಗಿಸಿಕೊಂಡರು, ಗಡಿಯೊಳಗಿನ ಅಂಗಡಿಯನ್ನು ಬಿಟ್ಟು ಹತ್ತಿರದ ಅಂಗಡಿಗೆ ಹೋದರು, ಹೋಗುವ ದಿನವನ್ನೇ ಬದಲಾಯಿಸಿದರು. ಪ್ರಯೋಗದ ಮೌಲ್ಯಮಾಪನದಲ್ಲಿ ಪಾಲ್ಗೊಂಡು, ಮುಂದೆ ನಗರದ ಸಂಚಾರಾಡಳಿತದ ನಿರ್ದೇಶಕರೂ ಆದ ಜೋನಾಸ್ ಎಲಿಯಾಸನ್ ಅವರು ಒಂದು ಸ್ವಾರಸ್ಯವನ್ನು ತಿಳಿಸಿದ್ದಾರೆ. ತಾವು ಓಡಾಟವನ್ನು ಬದಲಾಯಿಸಿಕೊಂಡೆವೆಂದು ವಿಚಾರಣೆಯಲ್ಲಿ ಒಪ್ಪಿದವರ ಸಂಖ್ಯೆ, ರಸ್ತೆಯಿಂದ ಕಣ್ಮರೆಯಾದ ಕಾರುಗಳ ಲೆಕ್ಕಕ್ಕೆ ಸಾಲುತ್ತಿರಲಿಲ್ಲ. ಅನೇಕರು ತಮಗೇ ತಿಳಿಯದಂತೆ ಬದಲಾಗಿದ್ದರು. ಜನರ ದಿನಚರಿ ಪ್ರತಿದಿನವೂ ಅಷ್ಟಿಷ್ಟು ಅಲುಗುತ್ತಲೇ ಇರುತ್ತದೆ. ಸುಂಕವು ಆ ಅಲುಗಾಟವನ್ನು ಒಂದು ಕಡೆಗೆ ಮೆಲ್ಲನೆ ತಳ್ಳಿತ್ತು.

ಪೌರರ ತೀರ್ಪು

ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಕ್ಯಾಮೆರಾಗಳು ಕಣ್ಣು ಮುಚ್ಚಿದವು. ಕಾರುಗಳಲ್ಲಿ ಬಹುಪಾಲು ಹಿಂತಿರುಗಿದವು. ಯೋಜಕರ ವರದಿಗಳು ಸಾಧಿಸಲಾರದುದನ್ನು ಈ ಹಿಂತಿರುಗುವಿಕೆ ಸಾಧಿಸಿತು. ಇದ್ದಾಗ ಹೇಗಿತ್ತು, ಇಲ್ಲದಾಗ ಹೇಗಿದೆ ಎಂಬುದನ್ನು ಪೌರನು ತನ್ನ ಕಣ್ಣಿನಿಂದಲೇ ಕಂಡನು.

ಸೆಪ್ಟೆಂಬರ್ 17ರಂದು ಮಹಾಚುನಾವಣೆಯ ಜೊತೆಗೇ ಸುಂಕದ ಪ್ರಶ್ನೆಯೂ ಮತಪೆಟ್ಟಿಗೆಗೆ ಹೋಯಿತು. ಪ್ರಯೋಗಕ್ಕೆ ಮುಂಚೆ ಬಹುಜನರು ವಿರೋಧವಾಗಿದ್ದ ನಗರದಲ್ಲಿ ಸುಮಾರು ಶೇಕಡ 53 ಮಂದಿ ಬೇಕೆಂದರು. ಆದರೆ ಸುಂಕ ತೆರುವವರಲ್ಲಿ ಅನೇಕರು ನಗರದ ಹೊರಗಿನವರು. ತಮ್ಮನ್ನು ಕೇಳದೆ ತೀರ್ಮಾನಿಸುವುದು ನ್ಯಾಯವೇ ಎಂದು ಸುತ್ತಲಿನ ಪುರಸಭೆಗಳಲ್ಲಿ ಹದಿನಾಲ್ಕು ತಾವೇ ಮತ ತೆಗೆದುಕೊಂಡವು. ಅಲ್ಲಿ ಒಟ್ಟಿನಲ್ಲಿ ಬೇಡವೆಂಬವರೇ ಹೆಚ್ಚಾದರು. ಅದೇ ಚುನಾವಣೆಯಲ್ಲಿ ಪ್ರಯೋಗವನ್ನು ತಂದ ಪಕ್ಷ ಅಧಿಕಾರ ಕಳೆದುಕೊಂಡಿತು. ಗೆದ್ದವರು ಸುಂಕವನ್ನು ವಿರೋಧಿಸಿದ್ದವರು. ಆದರೂ ನಗರದ ತೀರ್ಪನ್ನು ತಳ್ಳಿಹಾಕದೆ, ಬಂದ ಹಣವನ್ನು ಹೊರವಲಯದವರಿಗೂ ಬೇಕಾದ ರಸ್ತೆಗಳಿಗೆ ಬಳಸುವುದಾಗಿ ಹೇಳಿ, 2007ರ ಆಗಸ್ಟ್ 1ರಿಂದ ಅದನ್ನು ಕಾಯಂ ಮಾಡಿದರು.

ಐದು ವರ್ಷಗಳಲ್ಲಿ ಬೆಂಬಲಿಗರು ಶೇಕಡ 70ರ ಸಮೀಪಕ್ಕೆ ಏರಿದ್ದರು. ಮನಸ್ಸು ಬದಲಾಯಿಸಿದವರಲ್ಲಿ ಅನೇಕರು, ತಾವು ಮೊದಲಿನಿಂದಲೂ ಪರವಾಗಿಯೇ ಇದ್ದೆವೆಂದು ನಂಬಿದ್ದರು! 2016ರಲ್ಲಿ ಸುಂಕ ಹೆಚ್ಚಿತು; ಮೊದಲು ಬಿಟ್ಟಿದ್ದ ಎಸಿಂಗೆಲೆಡೆನ್ ಹೆದ್ದಾರಿಗೂ ಅದು ಬಂದಿತು.

ಹಾಗೆಂದು ಈ ಮದ್ದು ಎಲ್ಲೆಡೆಯೂ ಒಂದೇ ಬಗೆಯಲ್ಲಿ ಹಿಡಿಸುತ್ತದೆಂದು ತಿಳಿಯಬಾರದು. ಅದೇ ದೇಶದ ಎರಡನೆಯ ನಗರವಾದ ಗೋಥೆನ್‌ಬರ್ಗಿನಲ್ಲಿ 2013ರ ಜನವರಿಯಲ್ಲಿ ಸುಂಕ ಬಂದಿತು. ಮರುವರ್ಷ ಮತ ಕೇಳಿದಾಗ ಹೆಚ್ಚಿನವರು ಬೇಡವೆಂದರು; ಆದರೂ ಸುಂಕ ನಿಲ್ಲಲಿಲ್ಲ. ಅದರ ಹಣವನ್ನು ನಂಬಿ ರೈಲು ಮತ್ತು ರಸ್ತೆಗಳ ದೊಡ್ಡ ಕಾಮಗಾರಿಗಳು ಮೊದಲೇ ನಿಶ್ಚಯವಾಗಿದ್ದವು. ಒಂದು ಕಡೆ ಜನ ಕಂಡು ಒಪ್ಪಿದರು. ಇನ್ನೊಂದು ಕಡೆ ಕಂಡ ಮೇಲೆಯೂ ಒಪ್ಪಲಿಲ್ಲ, ಅವರ ಮಾತು ನಡೆಯಲೂ ಇಲ್ಲ. ಗಾಡಿಗಳ ಲೆಕ್ಕ ಎರಡು ಕಡೆಯೂ ಸರಿಯಿರಬಹುದು. ನಂಬಿಕೆಯ ಲೆಕ್ಕ ಬೇರೆಯೇ ಇದೆ.

ಸಂಚಾರ ಯೋಜಕನ ವೃತ್ತಿಯ ಭಾರ ಇರುವುದು ಇಲ್ಲಿಯೇ. ಲಕ್ಷಾಂತರ ಜನರ ದಿನದ ಅರ್ಧ ಗಂಟೆ, ಅವರು ಉಸಿರಾಡುವ ಗಾಳಿ, ಅವರ ಕಿಸೆಯ ಇಪ್ಪತ್ತು ಕ್ರೋನ—ಇವುಗಳ ನಡುವೆ ಆತನು ತಕ್ಕಡಿ ಹಿಡಿಯಬೇಕು, ತೂಕ ಹೇಳಬೇಕು, ಆದರೆ ತೀರ್ಪು ಕೊಡುವ ಅಧಿಕಾರ ಆತನದಲ್ಲ. ತನ್ನ ಅಂದಾಜನ್ನು ಎಲ್ಲರೆದುರು ಪರೀಕ್ಷೆಗೆ ಒಡ್ಡಿ, ತಪ್ಪಾದರೆ ಹಿಂತೆಗೆದುಕೊಳ್ಳಲು ದಾರಿಯಿಟ್ಟು, ಸರಿಯಾದರೆ ಕೀರ್ತಿಯನ್ನು ಬೇರೆಯವರಿಗೆ ಬಿಟ್ಟುಕೊಡುವುದು ಆತನ ಪಾಲಿನ ಧರ್ಮ. ವಿಕ್ರಿಯವರು ಬೋಧಿಸಿದ ನ್ಯೂಯಾರ್ಕ್ ನಗರವೂ ಕೊನೆಗೆ 2025ರ ಜನವರಿ 5ರಂದು ತನ್ನ ನಡುವೂರಿನ ಸುತ್ತ ಸುಂಕದ ಗಡಿಯನ್ನು ಎಳೆಯಿತು. ಸ್ಟಾಕ್‌ಹೋಮಿನಲ್ಲಿ ಇಂದು ಸೇತುವೆಯನ್ನು ತಡೆಯಿಲ್ಲದೆ ದಾಟುವ ಬಸ್ಸಿನವನಿಗೆ ಈ ಕತೆಯೆಲ್ಲ ನೆನಪಿರಬೇಕಾಗಿಲ್ಲ. ಬಸ್ಸು ಹೊತ್ತಿಗೆ ಸರಿಯಾಗಿ ಬಂದಿತಲ್ಲ, ಅಷ್ಟು ಸಾಕು.